ಮೆಟ್ಟಿಲು ಸವೆಯದ ಗಿಟಾರು

ಬೋಗಾದಿಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಗಿಟಾರ್ ಇತ್ತು. ಇದೆ ಅಂತ ಎಲ್ಲರಿಗೂ ಗೊತ್ತಿತ್ತು, ಮುಟ್ಟುವವರು ಯಾರೂ ಇರಲಿಲ್ಲ. ದಸರಾಗೆ ಗೊಂಬೆ ಪೆಟ್ಟಿಗೆ ಇಳಿಸುವಾಗ ಅದನ್ನು ಪಕ್ಕಕ್ಕೆ ಸರಿಸೋದು, ಗೊಂಬೆಗಳು ವಾಪಸ್ ಮೇಲೆ ಹೋಗುವಾಗ ಇನ್ನೊಂದು ಸಲ ಸರಿಸೋದು. ವರ್ಷಕ್ಕೆ ಎರಡು ಬಾರಿ ಅದಕ್ಕೆ ಸಿಗುತ್ತಿದ್ದ ವ್ಯಾಯಾಮ ಅಷ್ಟೇ.

"ಅದು ನಿಮ್ಮ ಚಿಕ್ಕಪ್ಪಂದು. ಎಪ್ಪತ್ನಾಲ್ಕರಲ್ಲಿ ಬೆಂಗಳೂರಿಂದ ತಂದಿದ್ದ. 'ಎರಡು ಕನಸು' ಹಾಡೆಲ್ಲಾ ಅದರಲ್ಲಿ ನುಡಿಸ್ತಿದ್ದ" ಅಂತ ಅಪ್ಪ ಹೇಳುತ್ತಿದ್ದರು. ರಾಜನ್-ನಾಗೇಂದ್ರ ನಮ್ಮ ಮೈಸೂರಿನವರೇ, ಸಿನಿಮಾ ಬಂದಿದ್ದು 1974ರಲ್ಲೇ, ಹಾಗಾಗಿ ಕಥೆ ಸರಿಯಾಗಿ ಕೂರುತ್ತಿತ್ತು. ಸಾಕ್ಷಿಗೆ ಒಂದು ಫೋಟೊ ಬೇರೆ ಇದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಲ್‌ಬಾಟಮ್ ಹಾಕಿಕೊಂಡು, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟುಕೊಂಡು, ಎದೆಗೆ ಗಿಟಾರ್ ಅವಚಿಕೊಂಡು ನಿಂತ ಚಿಕ್ಕಪ್ಪ. ಅವರು ತೀರಿಕೊಂಡು ಹನ್ನೊಂದು ವರ್ಷ ಆಯಿತು. ನಮ್ಮ ಮನೆಯಲ್ಲಿ 'ಕಲಾವಿದ' ಅಂದರೆ ಅವರೊಬ್ಬರೇ.

ಕಳೆದ ಮಳೆಗಾಲದಲ್ಲಿ ಅಟ್ಟದ ಮೂಲೆ ಸೋರಿತು. ಕೆಳಗಿಳಿಸಿ ನೋಡಿದರೆ ಗಿಟಾರಿನ ಬ್ರಿಡ್ಜ್ ಕಿತ್ತು ತುಕ್ಕು ಹಿಡಿದ ತಂತಿಗಳಲ್ಲಿ ನೇತಾಡುತ್ತಿತ್ತು. ಮುಂದಿನ ಹಲಗೆ ಹಪ್ಪಳದ ಹಾಗೆ ಉಬ್ಬಿತ್ತು. ಲಾಕ್‌ಡೌನಿನಲ್ಲಿ ಎಲ್ಲರೂ ಏನೇನೋ ಕಲಿತರಲ್ಲ, ನಾನು ಒಂದು ಅಗ್ಗದ ಗಿಟಾರ್ ತರಿಸಿಕೊಂಡು ನಾಲ್ಕು ಕಾರ್ಡ್ ಕಲಿತಿದ್ದೆ. ಇದನ್ನು ರಿಪೇರಿ ಮಾಡಿಸಿ ಚಿಕ್ಕಪ್ಪನ ಗಿಟಾರನ್ನೇ ನುಡಿಸೋಣ ಅನ್ನಿಸಿತು. ಜೊತೆಗೆ ಇದು ನಿಜವಾಗಿ ಎಷ್ಟು ಹಳೆಯದು ಅಂತ ತಿಳಿಯೋ ಹುಚ್ಚೂ ಹತ್ತಿಕೊಂಡಿತು.

ಆಫೀಸಿನ ಗೆಳೆಯನೊಬ್ಬ, "ಸೀರಿಯಲ್ ನಂಬರ್ ನೋಡು ಮಗಾ, ಎರಡು ನಿಮಿಷದ ಕೆಲಸ" ಅಂದ. ಅವನು ಹೇಳಿದ್ದು ಅಮೆರಿಕದ ಗಿಟಾರಿಗೆ ಸರಿ. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ 1898ರಿಂದ ತನ್ನ ಒಂದೊಂದು ಗಿಟಾರಿಗೂ ಸರಣಿ ಸಂಖ್ಯೆ ಹಾಕುತ್ತಾ ಬಂದಿದೆ. ಒಳಗಿನ ಮರದ ಮೇಲೆ ಒತ್ತಿದ ಅಂಕಿ ಓದಿ, ಪಟ್ಟಿಯಲ್ಲಿ ಹುಡುಕಿದರೆ ವರ್ಷ ಸಿಕ್ಕಿಬಿಡುತ್ತದೆ. ನಮ್ಮದರಲ್ಲಿ ಅಂಥದ್ದೇನೂ ಇರಲಿಲ್ಲ. ನಡುವಿನ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಕಂಡಿದ್ದು ಗೆದ್ದಲು ಅರ್ಧ ತಿಂದ ಒಂದು ಚೀಟಿ. ಕಂಪನಿಯ ಹೆಸರು ಗೆದ್ದಲಿನ ಹೊಟ್ಟೆಗೆ ಹೋಗಿದೆ. ಕೊನೆಯ ಸಾಲು ಮಾತ್ರ ಉಳಿದಿತ್ತು: ಕಲ್ಕತ್ತಾ-12.

ನಾನು ಇದನ್ನು ನಾಲ್ಕು ದಿನ ಸುಮ್ಮನೆ ನೋಡಿದೆ. ಐದನೇ ದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ ಅಮ್ಮ ಟೀಗೆ ಏಲಕ್ಕಿ ಕುಟ್ಟುವ ಸದ್ದು ಕೇಳುತ್ತಾ ಕೂತಿದ್ದಾಗ ಹೊಳೆಯಿತು. ಆ ಹನ್ನೆರಡು ಅನ್ನೋದೇ ತಾರೀಖು!

ಈಗ ನಾವು ಬೋಗಾದಿ ಅಂದರೆ 570026 ಅಂತ ಬರೆಯುತ್ತೇವೆ. ಈ ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದಿದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದೊಡ್ಡ ಊರುಗಳಲ್ಲಿ ಅಂಚೆ ವಲಯದ ಒಂದೆರಡು ಅಂಕಿ ಮಾತ್ರ. ಬೆಂಗಳೂರು-4, ಮದ್ರಾಸ್-17, ಕಲ್ಕತ್ತಾ-12, ಹೀಗೆ. ಆ ಹಳೇ ಹನ್ನೆರಡೇ ಮುಂದೆ 700012 ಆಯಿತು. ಅಂದರೆ ಈ ಚೀಟಿ ಅಚ್ಚಾಗಿದ್ದು ಬಹುಮಟ್ಟಿಗೆ 1972ಕ್ಕಿಂತ ಮುಂಚೆ.

ನಮ್ಮ ದೇಶದ ಹಳೇ ವಸ್ತುಗಳಿಗೆ ಸೀರಿಯಲ್ ನಂಬರಿನ ಪುಸ್ತಕ ಇಲ್ಲ ಅಂತ ಬೇಜಾರಾಗಬೇಕಿಲ್ಲ. ಸರ್ಕಾರ ಆಗಾಗ ಏನಾದರೂ ಬದಲಾಯಿಸುತ್ತಲೇ ಇರುತ್ತದಲ್ಲ, ಅದೇ ನಮ್ಮ ಪುಸ್ತಕ. ಬೆಲೆ ಆಣೆಯಲ್ಲಿದ್ದರೆ ಒಂದು ಕಾಲ. 1957ರ ಏಪ್ರಿಲ್ 1ರಿಂದ ನಯಾ ಪೈಸೆ, 1964ರ ಜೂನ್‌ನಿಂದ ಬರೀ ಪೈಸೆ. ವಿಳಾಸದಲ್ಲಿ 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನದು. ಬಾಂಬೆ ಮುಂಬೈ ಆಗಿದ್ದು 1995ರಲ್ಲಿ, ಕಲ್ಕತ್ತಾ ಕೋಲ್ಕತಾ ಆಗಿದ್ದು 2001ರಲ್ಲಿ. ಅಜ್ಜಿಯ ಹಿತ್ತಾಳೆ ಡಬ್ಬಿ, ತಾತನ ರೇಡಿಯೋ, ಮದುವೆಯ ಟ್ರಂಕು ಏನೇ ಇರಲಿ, ಅದರ ಮೇಲಿನ ಚೀಟಿಯನ್ನು ಹೀಗೆ ಒಮ್ಮೆ ಓದಿ ನೋಡಿ. ಶಾಸನ ಓದುವವರ ಕೆಲಸವೂ ಮೂಲದಲ್ಲಿ ಇದೇ ತಾನೆ? ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಸುಮಾರು 450 ಅಂತ ನಾವು ಹೇಳುವುದು ಅಕ್ಷರದ ರೂಪ, ರಾಜರ ಹೆಸರು ಇವನ್ನೆಲ್ಲ ತೂಗಿ ನೋಡಿ. ಕೇಂದ್ರ ಸರ್ಕಾರದ ಶಾಸನ ವಿಭಾಗದ ಮುಖ್ಯ ಕಚೇರಿ ಇರುವ ಊರಿನಲ್ಲಿ ಕೂತು ಒಂದು ಗಿಟಾರಿಗೆ ಅಷ್ಟೂ ಮಾಡದಿದ್ದರೆ ಹೇಗೆ!

ಅಪ್ಪನಿಗೆ ಹೇಳಿದೆ. "1972ಕ್ಕಿಂತ ಹಳೇದು ಅಂತೆ."

"ಅಂಗಡೀಲಿ ಹಳೇ ಸ್ಟಾಕ್ ಇತ್ತು ಅನ್ಸುತ್ತೆ" ಅಂದರು, ಪೇಪರಿನಿಂದ ತಲೆ ಎತ್ತದೆ.

ಅದು ನ್ಯಾಯವಾದ ಮಾತೇ. ಚೀಟಿಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿ ವರ್ಷಗಟ್ಟಲೆ ಅಂಟಿಸುತ್ತಿದ್ದ ಕಾಲ. ಒಂದೇ ಗುರುತು ಹಿಡಿದುಕೊಂಡು ತೀರ್ಪು ಕೊಡಬಾರದು. ಹಾಗಾಗಿ ಇನ್ನಷ್ಟು ಹುಡುಕಿದೆ.

ಫೋನನ್ನು ತೂತಿನೊಳಗೆ ತೂರಿಸಿ ವಿಡಿಯೋ ಮಾಡಿದೆ. (ಹಲ್ಲಿನ ಡಾಕ್ಟರ ಸಣ್ಣ ಕನ್ನಡಿ ಇನ್ನೂ ಒಳ್ಳೆಯದು, ನನಗೆ ಆಮೇಲೆ ಗೊತ್ತಾಯಿತು.) ಪಕ್ಕದ ಹಲಗೆಗಳು ಸೇರುವ ಜಾಗದಲ್ಲಿ, ಒಳಗಡೆಯಿಂದ, ಇಂಗ್ಲಿಷ್ ಪೇಪರಿನ ಒಂದು ಪಟ್ಟಿಯನ್ನು ಬಲಕ್ಕೆ ಅಂತ ಅಂಟಿಸಿದ್ದರು. ಯಾವುದೋ ಜಾಹೀರಾತಿನ ತುಂಡು. ಬೆಲೆಯ ಮುಂದೆ 'ಎನ್‌ಪಿ' ಅಂತ ಎರಡಕ್ಷರ. ನಯಾ ಪೈಸೆ! ಪೇಪರು 1957ರಿಂದ 64ರ ನಡುವಿನದು. ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೊಸದಾಗಿರಬಹುದು, ಆದರೆ ರದ್ದಿ ಪೇಪರನ್ನು ಹತ್ತು ವರ್ಷ ಜೋಪಾನ ಮಾಡಿ ಯಾರೂ ಅಂಟಿಸಲ್ಲ.

ಪಾಲಿಷಿನ ಪರೀಕ್ಷೆ ಇನ್ನೊಂದು. ಕಾಣದ ಜಾಗದಲ್ಲಿ ಹತ್ತಿಯಿಂದ ಒಂದು ತೊಟ್ಟು ಸ್ಪಿರಿಟ್ ಹಚ್ಚಿ ನೋಡುವುದು. ಅಂಟಂಟಾದರೆ ಅರಗಿನ ಪಾಲಿಷ್, ಅಂದರೆ ಫ್ರೆಂಚ್ ಪಾಲಿಷ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಈಚಿನ ಪಾಲಿಯುರೆಥೇನ್. ನಮ್ಮದು ತಕ್ಷಣ ಅಂಟಿತು, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅರಗು. ಇದು ನಿಖರವಾದ ವರ್ಷ ಹೇಳುವುದಿಲ್ಲ, ಬಡಗಿ ಕೆಲಸದಲ್ಲಿ ಅರಗು ಇವತ್ತಿಗೂ ಇದೆ. ಆದರೂ ಆ ವಾಸನೆಗೆ ನನಗೆ ಸುಮ್ಮನೆ ಖುಷಿಯಾಯಿತು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವ ಮೈಸೂರಿನ ಕಾರ್ಖಾನೆ ಇದೆಯಲ್ಲ, 1937ರಲ್ಲಿ ಶುರುವಾದಾಗ ಅದರ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಇದೇ ಅರಗು.

ಇಷ್ಟೆಲ್ಲಾ ಆದರೂ ನನ್ನ ಕೈಯಲ್ಲಿದ್ದದ್ದು ಒಂದು ಅಂದಾಜು, 1950ರ ದಶಕದ ಕೊನೆಯಿಂದ 1970ರ ಆಸುಪಾಸು. ಚಿಕ್ಕಪ್ಪ ಸೆಕೆಂಡ್‌ಹ್ಯಾಂಡ್ ಕೊಂಡಿದ್ದರು ಅಂದುಕೊಂಡರೆ ಅಪ್ಪನ ಕಥೆಗೆ ಯಾವ ಧಕ್ಕೆಯೂ ಇಲ್ಲ.

ಧಕ್ಕೆ ತಂದವರು ಆಚಾರ್ರು.

ಮೈಸೂರಿನಲ್ಲಿ ಗಿಟಾರ್ ಮಾರುವ ಅಂಗಡಿಗಳಿವೆ. ನಾನು ಹೋದ ಒಂದು ಕಡೆ, "ಸಾರ್, ಇದಕ್ಕೆ ಖರ್ಚು ಮಾಡೋ ಬದ್ಲು ಹೊಸದೇ ತಗೊಳ್ಳಿ, ಇಎಂಐ ಇದೆ" ಅಂದರು. ಕೊನೆಗೆ ಪರಿಚಯದವರೊಬ್ಬರು ವೀಣೆ ರಿಪೇರಿ ಮಾಡುವ ಆಚಾರ್ರ ಹತ್ತಿರ ಕಳಿಸಿದರು. ವೀಣೆ ಶೇಷಣ್ಣನವರ, ದೊರೆಸ್ವಾಮಿ ಅಯ್ಯಂಗಾರ್ಯರ ಊರು ಇದು. ಗಿಟಾರ್ ಡಾಕ್ಟರ್ ಸಿಗದಿದ್ದರೂ ವೀಣೆ ಡಾಕ್ಟರ್ ಸಿಗುತ್ತಾರೆ.

ಆಚಾರ್ರು ಬ್ರಿಡ್ಜ್‌ಗೆ ಕುದುರೆ ಅಂದರು, ಟ್ಯೂನರ್‌ಗಳಿಗೆ ಬಿರಡೆ ಅಂದರು, ಫ್ರೆಟ್‌ಗೆ ಮೆಟ್ಟಿಲು ಅಂದರು. ನಾನೂ ಹತ್ತು ನಿಮಿಷದಲ್ಲಿ ಹಾಗೇ ಮಾತಾಡತೊಡಗಿದೆ. ಕಿತ್ತ ಕುದುರೆಯನ್ನು, ಉಬ್ಬಿದ ಹಲಗೆಯನ್ನು ಅವರು ನೋಡಲೇ ಇಲ್ಲ. ಗಿಟಾರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕನ್ನಡಕ ಹಣೆಗೇರಿಸಿ, ಒಂದೊಂದೇ ಮೆಟ್ಟಿಲಿನ ಮೇಲೆ ಉಗುರು ಓಡಿಸಿದರು.

"ಇದನ್ನ ಎಷ್ಟು ವರ್ಷ ನುಡಿಸಿದಾರೆ?"

"ಹತ್ತು ವರ್ಷನಾದ್ರೂ ನುಡಿಸಿರಬೇಕು" ಅಂದೆ.

"ಒಂದು ದಿನಾನೂ ಇಲ್ಲ" ಅಂದರು.

ಅವರು ಪಕ್ಕದಲ್ಲಿದ್ದ ವೀಣೆಯೊಂದನ್ನು ಎಳೆದು ತೋರಿಸಿದರು. ವೀಣೆಗೆ ಇಪ್ಪತ್ನಾಲ್ಕು ಲೋಹದ ಮೆಟ್ಟಿಲು, ಮೇಣದಲ್ಲಿ ಕೂರಿಸಿರುತ್ತಾರೆ. ಮೇಳ ಕಟ್ಟೋದು ಅಂತಾರಲ್ಲ, ಅದೇ. ತಂತಿಯನ್ನು ಮೆಟ್ಟಿಲ ಮೇಲೆ ಒತ್ತಿ ಒತ್ತಿ, ಗಮಕಕ್ಕೆ ಅಡ್ಡಡ್ಡ ಎಳೆದೂ ಎಳೆದೂ ಲೋಹದಲ್ಲಿ ಸಣ್ಣ ಹಳ್ಳ ಬೀಳುತ್ತದೆ. ಯಾವ ಸ್ವರವನ್ನು ಹೆಚ್ಚು ನುಡಿಸಿದ್ದಾರೆ ಅನ್ನೋದು ಕೂಡ ಅದರಲ್ಲೇ ಗೊತ್ತಾಗುತ್ತದಂತೆ. ಗಿಟಾರಿನಲ್ಲೂ ಹಾಗೇ. ಕಲಿಯುವವರ ಗಿಟಾರಿನ ಮೊದಲ ಮೂರು ಮೆಟ್ಟಿಲಲ್ಲಿ ಗೀರು ಆಗಲೇಬೇಕು. ನನ್ನ ಅಗ್ಗದ ಗಿಟಾರಿನಲ್ಲಿ ನಾಲ್ಕೇ ವರ್ಷಕ್ಕೆ ಆಗಿದೆ. ಚಿಕ್ಕಪ್ಪನದರಲ್ಲಿ ಒಂದೇ ಒಂದು ಗೀರಿಲ್ಲ.

ಆದರೆ ತೂತಿನ ಕೆಳಗೆ, ಬಲಗೈ ಮೀಟುವ ಜಾಗದಲ್ಲಿ, ಅರಗು ಪೂರ್ತಿ ಸವೆದು ಮರ ಬಿಳಿಚಿತ್ತು. ವರ್ಷಗಟ್ಟಲೆ ಯಾರೋ ಮೀಟಿದ್ದಾರೆ. ಎಡಗೈಯಲ್ಲಿ ಮಾತ್ರ ಒತ್ತೇ ಇಲ್ಲ.

ಆಚಾರ್ರು ಕತ್ತಿನ ತುದಿಗೆ ಬೆರಳಿಟ್ಟರು. ತಂತಿಗಳು ಹಾದುಹೋಗುವ ನಟ್ ಮೇಲೆ ಒಂದು ತಗಡಿನ ಹೊದಿಕೆ ಕೂತಿತ್ತು. ಅದು ತಂತಿಗಳನ್ನು ಬೆರಳಿನಷ್ಟು ಎತ್ತರಕ್ಕೆ ಎತ್ತಿತ್ತು. ಕತ್ತು ಬಾಗಿ ತಂತಿ ಮೇಲೆದ್ದಿದೆ ಅಂತ ನಾನು ತಿಳಿದಿದ್ದೆ. ಅವರು ಉಕ್ಕಿನ ಅಳತೆಪಟ್ಟಿ ಇಟ್ಟು ತೋರಿಸಿದರು. ಕತ್ತು ದಾರ ಹಿಡಿದ ಹಾಗೆ ನೆಟ್ಟಗಿದೆ. ತಂತಿಯನ್ನು ಬೇಕೂಂತಲೇ ಎತ್ತಿದ್ದಾರೆ.

"ಗೋಟುವಾದ್ಯ ಕಂಡ್ರೇನು ಸ್ವಾಮಿ? ಇದೂ ಅಂಥದ್ದೇ. ಮಡಿಲಲ್ಲಿಟ್ಟು, ಮೇಲಿಂದ ಜಾರಿಸಿ ನುಡಿಸೋದು."

ಹವಾಯಿಯನ್ ಗಿಟಾರ್!

ನಮ್ಮಲ್ಲಿ ಬಹಳ ಜನಕ್ಕೆ ಮರೆತೇಹೋಗಿರುವ ಒಂದು ಅಧ್ಯಾಯ ಇದು. 1880ರ ದಶಕದ ಕೊನೆಯಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಅನ್ನುವ ಶಾಲಾ ಹುಡುಗ ಗಿಟಾರನ್ನು ಮಡಿಲಲ್ಲಿ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ಹೊಸ ದನಿ ಹೊರಡಿಸಿದ ಅಂತ ಹೇಳುತ್ತಾರೆ. ಅವನಿಗಿಂತ ಮುಂಚೆ, ಭಾರತದಿಂದ ಹಡಗಿನಲ್ಲಿ ಅಲ್ಲಿಗೆ ಹೋಗಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬಾತ ಹೀಗೆ ನುಡಿಸುತ್ತಿದ್ದ ಅಂತ ಇನ್ನೊಂದು ಕಥೆಯೂ ಚಾಲ್ತಿಯಲ್ಲಿದೆ. ಅದು ನಿಜವಾಗಿರಲಿ ಅಂತ ಆಸೆಪಡುವುದು ನಮಗೆ ಸಹಜ, ಆಸೆ ಪುರಾವೆ ಅಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಅಮೆರಿಕನ್ನರಿಗೆ ಹುಚ್ಚು ಹಿಡಿಯಿತು. ಅಲ್ಲಿಂದ ಗ್ರಾಮಫೋನ್ ತಟ್ಟೆಗಳಲ್ಲಿ ಅದು ಲೋಕವೆಲ್ಲ ಸುತ್ತಿತು. ಆ ತಟ್ಟೆಗಳನ್ನು ಮಾಡುತ್ತಿದ್ದದ್ದೂ ಅರಗಿನಿಂದಲೇ, ಆ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದಲೇ. ನಮ್ಮ ಅರಗಿನ ಮೇಲೆ ಕೂತು ಅವರ ನಾದ ನಮ್ಮ ಮನೆಗೆ ಬಂತು.

ಕಲ್ಕತ್ತೆಯಲ್ಲಿ ಅದು ಬೇರು ಬಿಟ್ಟಿತು. ಹವಾಯಿಯ ಟಾವು ಮೋ ಎಂಬ ವಾದಕ ಹೆಂಡತಿ ರೋಸ್ ಜೊತೆ 1940ರ ದಶಕದಲ್ಲಿ ಆ ಊರಲ್ಲೇ ನೆಲೆಸಿದ್ದ, ನುಡಿಸುತ್ತಿದ್ದ, ಕಲಿಸುತ್ತಿದ್ದ. ಗಾರ್ನಿ ನಿಸ್ ಎಂಬಾತನ 'ಅಲೋಹಾ ಬಾಯ್ಸ್' ತಂಡವೂ ಅಲ್ಲಿಯದೇ. ಬಂಗಾಳಿಗಳು ಅದರಲ್ಲಿ ರವೀಂದ್ರ ಸಂಗೀತ ನುಡಿಸತೊಡಗಿದರು. ವ್ಯಾನ್ ಶಿಪ್ಲೆ ಹಿಂದಿ ಸಿನಿಮಾ ಹಾಡುಗಳನ್ನು ಅದರ ವಿದ್ಯುತ್ ರೂಪದಲ್ಲಿ ನುಡಿಸಿದ ರೆಕಾರ್ಡುಗಳು ಮನೆಮನೆಗೆ ಹೋದವು. 1967ರಲ್ಲಿ ಶಿವಕುಮಾರ್ ಶರ್ಮ, ಹರಿಪ್ರಸಾದ್ ಚೌರಾಸಿಯಾ ಜೊತೆ 'ಕಾಲ್ ಆಫ್ ದಿ ವ್ಯಾಲಿ' ರೆಕಾರ್ಡಿನಲ್ಲಿ ಗಿಟಾರ್ ನುಡಿಸಿದ ಬ್ರಿಜ್‌ಭೂಷಣ್ ಕಾಬ್ರಾ, 1994ರಲ್ಲಿ ಗ್ರ್ಯಾಮಿ ಗೆದ್ದ ವಿಶ್ವಮೋಹನ ಭಟ್ಟರು, ಎಲ್ಲರೂ ಈ ಜಾರುವ ಗಿಟಾರಿನ ವಂಶದವರು. ಯಾಕೆ ಇಷ್ಟು ಹಿಡಿಸಿತು ಅಂದರೆ, ಒತ್ತಿ ನುಡಿಸುವ ಗಿಟಾರ್‌ನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಬೇಕು. ಇದರಲ್ಲಿ ಜಾರಬಹುದು. ನಮ್ಮ ಸಂಗೀತಕ್ಕೆ ಬೇಕಾಗಿದ್ದು ಆ ಜಾರುವಿಕೆಯೇ. ಇಲ್ಲಿ ಮೆಟ್ಟಿಲು ಅನ್ನೋದು ಸ್ವರದ ಜಾಗ ತೋರಿಸುವ ಗೆರೆ ಮಾತ್ರ, ತಂತಿ ಅದಕ್ಕೆ ತಗುಲುವುದೇ ಇಲ್ಲ. ಹಾಗಾಗಿ ಸವೆಯುವ ಪ್ರಶ್ನೆಯೇ ಇಲ್ಲ.

ಕಲ್ಕತ್ತೆಯ ಲಾಲ್‌ಬಜಾರ್, ಚಿತ್ಪುರದ ಕಡೆ ವಾದ್ಯದ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿಂದ ಬರುತ್ತಿದ್ದ ಗಿಟಾರುಗಳಲ್ಲಿ ಈ ಬಗೆಯದೂ ಧಾರಾಳವಾಗಿ ಇರುತ್ತಿತ್ತು. ಒಡಲು ಅದೇ, ನಟ್ ಎತ್ತಿದರೆ ಹವಾಯಿಯನ್, ಇಳಿಸಿದರೆ ಸ್ಪ್ಯಾನಿಷ್. ಇದನ್ನು ತಿಳಿಯದೆ ಎಷ್ಟೋ ಹಳೇ ಗಿಟಾರುಗಳನ್ನು 'ಕತ್ತು ಬಾಗಿದೆ, ಕೆಲಸಕ್ಕೆ ಬಾರದು' ಅಂತ ಎಸೆದಿರುತ್ತಾರೆ.

ಸರಿ, ಈಗ ಪ್ರಶ್ನೆ ಬೇರೆಯಾಯಿತು. ಇಸವಿ ಆಮೇಲಾಯಿತು, ಇದು ಯಾರದು? ಫೋಟೊದಲ್ಲಿ ಚಿಕ್ಕಪ್ಪ ಗಿಟಾರನ್ನು ಎದೆಗೆ ಅವಚಿಕೊಂಡಿದ್ದಾರೆ. ತಂತಿ ಇಷ್ಟು ಎತ್ತರದಲ್ಲಿದ್ದರೆ ಹಾಗೆ ಹಿಡಿದು ಒಂದು ಕಾರ್ಡ್ ಕೂಡ ಒತ್ತಲಾಗದು. ಬೆರಳು ಕುಯ್ದುಹೋಗುತ್ತೆ. ನಾನು ಮನೆಗೆ ಬಂದು ಆ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಎಡಗೈ ಬೆರಳುಗಳು ಕತ್ತನ್ನು ಸುಮ್ಮನೆ ಹಿಡಿದಿವೆ, ಸೈಕಲ್ ಹ್ಯಾಂಡಲ್ ಹಿಡಿದ ಹಾಗೆ. ಇಷ್ಟು ವರ್ಷ ಅದನ್ನು ನೋಡಿದ್ದೆ, ಕಂಡಿರಲಿಲ್ಲ.

ಅಪ್ಪನಿಗೆ ಹೇಳಿದಾಗ ಅವರಿಗೆ ಸಿಟ್ಟು ಬಂತು. "ಅವನು ನುಡಿಸ್ತಿದ್ದ. ನಾನೇ ಕೇಳಿದೀನಿ. ಸತ್ತವನ ಮೇಲೆ ಈಗೇನು ನಿಂದು ತನಿಖೆ?" ಅಂದರು. ನಾನು ಸುಮ್ಮನಾದೆ. ಸಿಟ್ಟಿನಲ್ಲೂ ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಎರಡು ದಿನ ಬಿಟ್ಟು ಶಿವಮೊಗ್ಗದಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ. ಅಪ್ಪನಿಗಿಂತ ಚಿಕ್ಕವರು, ಚಿಕ್ಕಪ್ಪನಿಗಿಂತ ದೊಡ್ಡವರು. ಅದೂ ಇದೂ ಮಾತಾಡಿ, "ಅತ್ತೆ, ಚಿಕ್ಕಪ್ಪನ ಗಿಟಾರ್ ರಿಪೇರಿಗೆ ಕೊಟ್ಟಿದೀನಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇನ್ನೂ ಇದೆಯೇನೋ ಅದು? ಅದು ನಂದು ಕಣೋ."

ಆಮೇಲೆ ಒಂದು ಗಂಟೆ ಅವರೇ ಮಾತಾಡಿದರು. ಆಗ ಮನೆ ಇದ್ದದ್ದು ಕೃಷ್ಣಮೂರ್ತಿಪುರದಲ್ಲಿ. ಬೋಗಾದಿ ಅಂದರೆ ಊರಾಚೆಯ ಹಳ್ಳಿ. ಅತ್ತೆಗೆ ವೀಣೆ ಪಾಠ ನಡೆಯುತ್ತಿತ್ತು. ರೇಡಿಯೋದಲ್ಲಿ ಗಿಟಾರಿನಲ್ಲಿ ನುಡಿಸಿದ ಹಾಡು ಕೇಳಿ ಅದೇ ಬೇಕು ಅಂತ ಹಟ ಹಿಡಿದರು. ತಾತ ಮೊದಲು ಒಪ್ಪಲಿಲ್ಲ. ಗಿಟಾರ್ ಅಂದರೆ ಕ್ಲಬ್ಬು, ಡ್ಯಾನ್ಸು ಅಂತ ಅವರ ಲೆಕ್ಕ. ಇದು ನಿಂತು ಅಪ್ಪಿಕೊಂಡು ನುಡಿಸೋದಲ್ಲ, ಗೋಟುವಾದ್ಯದ ಹಾಗೆ ಕೂತು ಮಡಿಲಲ್ಲಿಟ್ಟುಕೊಳ್ಳೋದು ಅಂತ ವೀಣೆ ಮೇಷ್ಟ್ರೇ ಬಂದು ಹೇಳಿದ ಮೇಲೆ ಒಪ್ಪಿದರಂತೆ. ಕಲ್ಕತ್ತೆಯಿಂದ ರೈಲ್ವೆ ಪಾರ್ಸೆಲ್‌ನಲ್ಲಿ ತರಿಸಿದರು.

"ಯಾವ ವರ್ಷ ಅತ್ತೆ?"

"ವರ್ಷ ನೆನಪಿಲ್ಲಪ್ಪ. ಶಾಸ್ತ್ರಿಗಳು ಸೋಮವಾರ ರಾತ್ರಿ ಊಟ ಬಿಡಿ ಅಂದಿದ್ರಲ್ಲ, ಆವಾಗ. ಪೆಟ್ಟಿಗೆ ಬಂದಿದ್ದು ಸೋಮವಾರ. ಹಸಿವಲ್ಲಿ ಬಿಚ್ಚಿದ್ದು ನೆನಪಿದೆ."

ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದದ್ದು 1964ರ ಜೂನ್‌ನಿಂದ 1966ರ ಜನವರಿವರೆಗೆ. ಆಹಾರದ ಕೊರತೆ, ಯುದ್ಧ ಎರಡೂ ಸೇರಿದ 1965ರಲ್ಲಿ ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಅವರು ದೇಶಕ್ಕೆ ಕರೆ ಕೊಟ್ಟರು. ನಯಾ ಪೈಸೆಯ ಪೇಪರು, ಕಲ್ಕತ್ತಾ-12, ಅತ್ತೆಯ ಸೋಮವಾರದ ಹಸಿವು, ಮೂರೂ ಒಂದೇ ಕಡೆ ಬೆರಳು ತೋರಿಸಿದವು. 1965. ನನ್ನ ಇಡೀ ತಿಂಗಳ ಪತ್ತೇದಾರಿಕೆಗಿಂತ ಒಂದು ಫೋನ್ ಕರೆ ಹೆಚ್ಚು ಹೇಳಿತು ಅನ್ನೋದು ನಿಜ. ಆದರೆ ಆಚಾರ್ರು ಮೆಟ್ಟಿಲು ನೋಡದಿದ್ದರೆ ಆ ಫೋನ್ ನಾನು ಮಾಡುತ್ತಲೇ ಇರಲಿಲ್ಲ.

ಅಪ್ಪ 1964ರಲ್ಲೇ ಕೆಲಸಕ್ಕೆ ಅಂತ ಭದ್ರಾವತಿಗೆ ಹೋಗಿದ್ದರು. "ಅಣ್ಣ ರಜಕ್ಕೆ ಬಂದಾಗ ನಾನು ಅದನ್ನ ಹೊರಗೆ ತೆಗೀತಾನೇ ಇರಲಿಲ್ಲ. ಹಾಸ್ಯ ಮಾಡ್ತಿದ್ದ" ಅಂದರು ಅತ್ತೆ. ಎಂಟು ವರ್ಷ ದಿನಾ ಮಧ್ಯಾಹ್ನ ನುಡಿಸಿದ್ದಾರೆ. ಮಹಾರಾಣಿ ಕಾಲೇಜಿನ ಒಂದು ಸಮಾರಂಭದಲ್ಲಿ ವೇದಿಕೆ ಮೇಲೂ ನುಡಿಸಿದ್ದಾರೆ. 1973ರಲ್ಲಿ ಮದುವೆಯಾಯಿತು. ವೀಣೆ ಜೊತೆಗೆ ಹೋಯಿತು, ಗಿಟಾರ್ ಇಲ್ಲೇ ಉಳಿಯಿತು. "ಒಂದು ತಗೊಂಡು ಹೋಗೋದೇ ಜಾಸ್ತಿ ಅನ್ನಿಸಿತ್ತು. ತಮ್ಮ ಬಂದು, ಅಕ್ಕಾ ನಾನಿಟ್ಕೊಳ್ಲಾ ಅಂದ. ಇಟ್ಕೋ ಅಂದೆ." ಚಿಕ್ಕಪ್ಪ ಅದನ್ನು ಒತ್ತಲಾಗದೆ, ಬರೀ ತಂತಿ ಮೀಟಿ ತಾಳ ಹಾಕಿಕೊಂಡು, ಮೇಲೆ ಹಾಡುತ್ತಿದ್ದರಂತೆ. ಅಪ್ಪ ಕೇಳಿದ್ದು ಅದನ್ನೇ. ಚಿಕ್ಕಪ್ಪನ ಗಂಟಲು ನಿಜಕ್ಕೂ ಚೆನ್ನಾಗಿತ್ತು.

ಇನ್ನು ರಿಪೇರಿ. ನಾನು ಹೋಗಿದ್ದು ನನಗೆ ನುಡಿಸಲು ಬರುವ ಗಿಟಾರ್ ಮಾಡಿಸಲು. ಆಚಾರ್ರು ಎರಡು ದಾರಿ ಹೇಳಿದರು. ತಗಡಿನ ನಟ್ ತೆಗೆದು, ಕುದುರೆಯ ಎತ್ತರ ಇಳಿಸಿ ಸ್ಪ್ಯಾನಿಷ್ ಮಾಡಬಹುದು, ಅದು ಸುಲಭ. ಇಲ್ಲವೇ ಇದ್ದ ಹಾಗೇ ಉಳಿಸಬಹುದು. ಫೋನ್ ಕರೆ ಆದ ಮೇಲೆ ನನಗೆ ಯೋಚಿಸಲು ಹೆಚ್ಚು ಇರಲಿಲ್ಲ. "ಇದ್ದ ಹಾಗೇ" ಅಂದೆ.

ಕುದುರೆ ಹಿಂದೆ ಒಮ್ಮೆ ಕಿತ್ತುಬಂದಿತ್ತು ಅನ್ನೋದಕ್ಕೆ ಗುರುತಿತ್ತು. ಅಡಿಯಲ್ಲಿ ಬಿಳಿ ಫೆವಿಕಾಲ್. ಮಾರುಕಟ್ಟೆಗೆ 1959ರಲ್ಲಿ ಬಂದ ಅಂಟು, ಅದರಿಂದ ಕಾಲ ಹೇಳಲಾಗದು, ಆದರೆ ಅಂಟಿಸಿದವರು ವಾದ್ಯದ ಕೆಲಸದವರಲ್ಲ ಅಂತ ಹೇಳಬಹುದು. ಆಚಾರ್ರು ಬೈದುಕೊಂಡೇ ಅದನ್ನು ಕೆರೆದರು. ಬೈಗುಳಕ್ಕೆ ಕಾರಣ ಇದೆ. ಹಳೇ ಕಾಲದ ಮರವಜ್ರ, ಅಂದರೆ ಚರ್ಮ ಎಲುಬು ಕುದಿಸಿ ಮಾಡುವ ಅಂಟು, ಬಿಸಿ ಮತ್ತು ತೇವ ತಗುಲಿಸಿದರೆ ಬಿಟ್ಟುಕೊಡುತ್ತದೆ. ಅದರ ಮೇಲೆ ಮತ್ತೆ ಬಿಸಿ ವಜ್ರ ಹಚ್ಚಿದರೆ ಹಳೆಯದೂ ಹೊಸದೂ ಒಂದಾಗಿ ಕೂಡಿಕೊಳ್ಳುತ್ತವೆ. ಫೆವಿಕಾಲ್ ಒಣಗಿದ ಮೇಲೆ ಅದರ ಮೇಲೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಬರೀ ಮರ ಕಾಣುವವರೆಗೂ ಕೆರೆಯಬೇಕು. ಮೇಜಿಗೆ ಅದು ವರ, ಮುಂದೆ ಯಾವತ್ತೋ ಬಿಚ್ಚಬೇಕಾಗಿ ಬರುವ ವಾದ್ಯಕ್ಕೆ ಶಾಪ. ಮನೆಯಲ್ಲಿ ಹಳೇ ವಾದ್ಯ ಇದ್ದು ಕಿತ್ತುಬಂದಿದ್ದರೆ ದಯವಿಟ್ಟು ನೀವೇ ಅಂಟಿಸಬೇಡಿ. ತಂತಿ ಸಡಿಲಿಸಿ, ಬಿದ್ದ ತುಂಡುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಡಿ, ಅಷ್ಟು ಸಾಕು.

ಒಳಗಿನ ಅಡ್ಡಪಟ್ಟಿಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಇದ್ದವು. ಎರಡು ಬಿಟ್ಟುಕೊಂಡಿದ್ದವು. ಹೊರಗಿನಿಂದ ಬೆರಳಲ್ಲಿ ತಟ್ಟಿ, ಟಪ್ ಅನ್ನೋ ಕಡೆ ಸರಿ, ಟರ್ ಅನ್ನೋ ಕಡೆ ಬಿಟ್ಟಿದೆ ಅಂತ ಅವರು ಗುರುತು ಹಾಕಿದರು. ತೂತಿನಿಂದ ಕೈ ತೂರಿಸಿ ವಜ್ರ ಹಚ್ಚಿ, ಒಳಗೊಂದು ಹೊರಗೊಂದು ಮರದ ತುಂಡಿಟ್ಟು ಬಿಗಿದು ನಾಲ್ಕು ದಿನ ಬಿಟ್ಟರು. ಮಳೆಗಾಲ ಅಂತ ನಾಲ್ಕು ದಿನ, ಬೇಸಿಗೆಯಾಗಿದ್ದರೆ ಎರಡು ಸಾಕಂತೆ. ಉಬ್ಬು ಪೂರ್ತಿ ಇಳಿಯಲಿಲ್ಲ. "ಅರವತ್ತು ವರ್ಷಕ್ಕೆ ಹೊಟ್ಟೆ ಸ್ವಲ್ಪ ಬಂದಿದೆ, ಇರ್ಲಿ ಬಿಡಿ" ಅಂದರು.

ಹಿಂಬದಿ ಬರೀ ಪ್ಲೈವುಡ್ ಅಂತ ಗೊತ್ತಾದಾಗ ನನಗೆ ಸ್ವಲ್ಪ ನಿರಾಸೆಯಾಗಿದ್ದು ಸುಳ್ಳಲ್ಲ. ಆದರೆ ಮೆಟ್ಟಿಲು ಕೂರಿಸಿದ ಪಟ್ಟಿಯ ಕೊಳೆಯನ್ನು ಆಚಾರ್ರು ಕೆರೆದಾಗ ನೇರಳೆ-ಕಂದು ಪುಡಿ ಉದುರಿತು, ಸಿಹಿ ವಾಸನೆ ಬಂತು. ಮೂಸಿ ನೋಡಿ "ಬೀಟೆ" ಅಂದರು. ಅರಮನೆಯ ಬಾಗಿಲುಗಳಲ್ಲಿ ದಂತ ಕೂರಿಸಿದ್ದಾರಲ್ಲ, ಆ ಬೀಟೆ. ಇದರದ್ದೊಂದು ತಮಾಷೆ ಇದೆ. ಅಮೆರಿಕದ ದುಬಾರಿ ಗಿಟಾರುಗಳ ಹಿಂಬದಿಗೆ ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅಗಲ ಹಲಗೆ ಸಿಗುವುದು ಕಷ್ಟವಾಗಿ 1965ರಲ್ಲಿ ಮಾರ್ಟಿನ್ ಕಂಪನಿ ಮೂರು ತುಂಡು ಜೋಡಿಸಿದ ಹಿಂಬದಿಯ ಡಿ-35 ತಂದಿತು. ಬ್ರೆಜಿಲ್ ದಿಮ್ಮಿ ರಫ್ತು ತಡೆದ ಮೇಲೆ, 1969ರಲ್ಲಿ, ಅವರು ದಕ್ಷಿಣ ಭಾರತದ ಬೀಟೆಗೆ ಬದಲಾಯಿಸಿದರು. ಇವತ್ತಿಗೂ ಅಲ್ಲಿನ ಸಂಗ್ರಾಹಕರಿಗೆ ಆ ವರ್ಷವೇ ಗಡಿರೇಖೆ. ಅದಕ್ಕೆ ಮುಂಚಿನದಾದರೆ ಬೆಲೆ ಎಲ್ಲೋ ಮೇಲೆ. ಅಂದರೆ ಅವರ ಗಿಟಾರಿನ ಕಾಲ ಹೇಳುವ ಒಂದು ಗುರುತು ನಮ್ಮ ಕಾಡಿನ ಮರ. ಅದೇ ಮರ ನಮ್ಮ ಗಿಟಾರಿಗೆ ಸಿಕ್ಕಿದ್ದು ಎರಡು ಬೆರಳಗಲ. 2017ರಿಂದ ಬೀಟೆ ಜಾತಿಯ ಮರ ದೇಶದ ಗಡಿ ದಾಟಬೇಕಾದರೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕಾಯಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಗಿಟಾರ್ ಮನೆಗೆ ಬಂದ ದಿನ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಸವೆಯದ ಮೆಟ್ಟಿಲುಗಳ ಮೇಲೆ ಅವರೂ ಒಮ್ಮೆ ಉಗುರು ಓಡಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ನಾನು ಅಷ್ಟೊಂದು ಹಾಸ್ಯ ಮಾಡ್ತಿದ್ನಾ?" ಅಂತ ಕೇಳಿದರು. ನನಗೆ ಹೇಗೆ ಗೊತ್ತಿರುತ್ತೆ? ಅವರೇ ಶಿವಮೊಗ್ಗಕ್ಕೆ ಫೋನ್ ಹಚ್ಚಿದರು. ಏನು ಮಾತಾಡಿದರೋ, ಬಾಗಿಲು ಹಾಕಿಕೊಂಡಿದ್ದರು.

ಅತ್ತೆ ದಸರಾಗೆ ಬರುತ್ತೇನೆ ಅಂದಿದ್ದಾರೆ. ಬೆರಳಿನ ಗಂಟುಗಳು ಈಗ ಬಗ್ಗುವುದಿಲ್ಲ, ಆದರೆ ಇದಕ್ಕೆ ಬೆರಳು ಬಗ್ಗಬೇಕಾಗಿಲ್ಲ ಅಂದರು. "ಅದರ ಜೊತೆ ಒಂದು ಉಕ್ಕಿನ ಗುಂಡು ಇತ್ತಲ್ಲೋ, ಹೆಬ್ಬೆರಳುದ್ದ? ತಂತಿ ಮೇಲೆ ಜಾರ್ಸೋದು. ಅದು ಇದೆಯಾ?"

ನಾನು ಪೆಟ್ಟಿಗೆ ಎಲ್ಲಾ ಹುಡುಕಿದೆ, ಅಟ್ಟ ಹುಡುಕಿದೆ, ಇರಲಿಲ್ಲ. ಹೇಗಿರುತ್ತದೆ ಅಂತ ಅಮ್ಮನಿಗೆ ಕೈಯಲ್ಲಿ ತೋರಿಸಿದೆ. ನುಣುಪಾಗಿ, ಒಂದು ತುದಿ ದುಂಡಗೆ, ಸಣ್ಣದಿದ್ದರೂ ಭಾರ.

ಅಮ್ಮ ಏಲಕ್ಕಿ ಡಬ್ಬಿಯ ಪಕ್ಕದಿಂದ ಅದನ್ನು ತೆಗೆದು, ಸೆರಗಿನಲ್ಲಿ ಒರೆಸಿ ಕೊಟ್ಟರು. "ಇನ್ಮೇಲೆ ನಾನು ಏನರಲ್ಲಿ ಕುಟ್ಲಿ?" ಅಂದರು.